ಬಿಗಿದ ಕಟ್ಟು, ಸತ್ತ ಸ್ನಾಯು: ವೋಲ್ಕ್‌ಮನ್ ಕಥೆ

ಇವತ್ತಿನ ಕಥೆ ಶುರುವಾಗೋದು ನಮ್ಮ ಸೋದರತ್ತೆ ಮಗನ ಕೈಯಿಂದ. ಭಾವ ಆಗ ಏಳು ವರ್ಷದ ಹುಡುಗ. ಸೀಬೆ ಮರದಿಂದ ಬಿದ್ದು ಮೊಣಕೈ ಮೇಲೆ ಮೂಳೆ ಮುರಿದಿತ್ತು. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ರಾತ್ರಿಯಿಡೀ ಅತ್ತರಂತೆ. "ಮೂಳೆ ಕೂಡೋವಾಗ ನೋವಿರುತ್ತೆ, ಸುಮ್ನಿರು" ಅಂದರಂತೆ ಮನೆಯವರು. ಮೂಳೆ ಕೂಡಿತು, ನಿಜ. ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿದವು. ಮಣಿಕಟ್ಟು ಒಳಕ್ಕೆ ಬಗ್ಗಿಸಿದರೆ ಬೆರಳು ಬಿಚ್ಚುತ್ತೆ, ಮಣಿಕಟ್ಟು ಎತ್ತಿದರೆ ಮತ್ತೆ ಮಡಚಿಕೊಳ್ಳುತ್ತೆ. ಚಿಕ್ಕವನಿದ್ದಾಗ ನನಗೆ ಅದೊಂದು ಜಾದೂ!

ಅದಕ್ಕೊಂದು ಹೆಸರಿದೆ ಅಂತ ಗೊತ್ತಾಗಿದ್ದು ನಾನು ಪುಣೆಗೆ ಬಂದಮೇಲೆ, ಸಹೋದ್ಯೋಗಿಯ ಹೆಂಡತಿ, ಫಿಸಿಯೋಥೆರಪಿಸ್ಟ್ ಒಬ್ಬರಿಂದ: ವೋಲ್ಕ್‌ಮನ್ ಕಾಂಟ್ರಾಕ್ಚರ್.

ರಿಚರ್ಡ್ ವೋಲ್ಕ್‌ಮನ್ ಜರ್ಮನಿಯ ಹಾಲೆ ನಗರದ ಸರ್ಜನ್. ರಿಚರ್ಡ್ ಲಿಯಾಂಡರ್ ಅನ್ನೋ ಹೆಸರಲ್ಲಿ ಮಕ್ಕಳ ಕಥೆಗಳನ್ನೂ ಬರೆದ ಮನುಷ್ಯ. ಕೈ ಹೀಗಾಗೋದು ನರ ಒತ್ತಿಹೋಗಿದ್ದರಿಂದ ಅಂತ ಆಗಿನ ಬಹಳ ಜನ ನಂಬಿದ್ದರು. ಅಲ್ಲ, ಸತ್ತಿರೋದು ಸ್ನಾಯು, ರಕ್ತ ಬಹಳ ಹೊತ್ತು ನಿಂತುಹೋಗಿ ಹೀಗಾಗಿದೆ ಅಂತ 1881ರ ಲೇಖನದಲ್ಲಿ ವೋಲ್ಕ್‌ಮನ್ ಹೇಳಿದರು. ತಪ್ಪು ಹೊರಿಸಿದ್ದು ಬಿಗಿ ಬ್ಯಾಂಡೇಜಿನ ಮೇಲೆ.

ಆದರೆ ಕಟ್ಟೇ ಹಾಕದ ಕೈಗಳಲ್ಲೂ ಇದೇ ತೊಂದರೆ ಕಾಣಿಸಿತು. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ, ಫಿಕ್ಸ್ ಹಾಕಿದ ಮೇಲೂ ಬಗ್ ತಿರುಗಿ ಬಂದರೆ ರೂಟ್ ಕಾಸ್ ಇನ್ನೂ ಕೆಳಗಿದೆ ಅಂತ ಅರ್ಥ. ಮಕ್ಕಳಲ್ಲಿ ಮೊಣಕೈ ಮೇಲಿನ ಮೂಳೆ ಮುರಿದಾಗ, ಅದರ ಚೂಪಾದ ತುದಿ ಎದುರಿಗೇ ಇರುವ ಬ್ರೇಕಿಯಲ್ ಅಪಧಮನಿಗೆ ಚುಚ್ಚಬಹುದು, ಇಲ್ಲಾ ಅದನ್ನು ಜಜ್ಜಬಹುದು. 1940ರಲ್ಲಿ ಬ್ರಿಟನ್ನಿನ ಗ್ರಿಫಿತ್ಸ್ ಬೆರಳು ತೋರಿಸಿದ್ದು ಈ ಅಪಧಮನಿಯ ಕಡೆಗೇ. ಅದಕ್ಕೂ ಮೊದಲು, 1926ರಲ್ಲಿ, ಅಮೆರಿಕದ ಜೆಪ್ಸನ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಊತದ ಒತ್ತಡವನ್ನು ಬೇಗ ಇಳಿಸಿದರೆ ಕೈಕಾಲು ಉಳಿಯುತ್ತೆ ಅಂತ ತೋರಿಸಿದ್ದರು.

ಈ ಎಳೆಗಳು ಒಂದಾಗಿದ್ದು 1970ರ ದಶಕದಲ್ಲಿ. ಮುಂಗೈ ಸ್ನಾಯುಗಳ ಸುತ್ತ ಹಿಗ್ಗದ ಒಂದು ಪೊರೆ ಇದೆ. ರಕ್ತನಾಳಕ್ಕೆ ಪೆಟ್ಟಾಗಲಿ, ಮೂಳೆ ಮುರಿದು ಊದಲಿ, ಕಟ್ಟು ಬಿಗಿಯಾಗಲಿ, ಪೊರೆಯೊಳಗೆ ಒತ್ತಡ ಏರಿ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಮೋಸ ಏನಂದ್ರೆ, ಆಗಲೂ ಮಣಿಕಟ್ಟಿನ ನಾಡಿ ಬಡಿಯುತ್ತಿರಬಹುದು! ನಾಡಿ ಸಿಕ್ತು ಅಂತ ನೆಮ್ಮದಿಯಾಗಿ ಕೂತರೆ ಒಳಗೆ ಸ್ನಾಯು ಸಾಯುತ್ತಿರುತ್ತೆ. ಇರೋ ಸಮಯ ಸುಮಾರು 6 ಗಂಟೆ. ಕಟ್ಟು ಬಿಚ್ಚಬೇಕು. ಆಗಲೂ ಒತ್ತಡ ಇಳಿಯದಿದ್ದರೆ ಪೊರೆ ಸೀಳಬೇಕು. ಪೆಟ್ಟಿಗೆ ಮೀರಿದ ನೋವು, ಬೇರೆಯವರು ಬೆರಳು ನೇರ ಮಾಡಿದರೆ ಚೀರುವಷ್ಟು ನೋವು ಬಂದರೆ, ಅದೇ ಮೊದಲ ಅಲರ್ಟ್. ಭಾವ ಆ ರಾತ್ರಿ ಅತ್ತಿದ್ದು ಬಹುಶಃ ಅದಕ್ಕೇ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವರಿಗೆ ಇದನ್ನೆಲ್ಲ ಹೇಳಿದೆ. ಅತ್ತೆ ಅಲ್ಲೇ ಹೂ ಕಟ್ಟುತ್ತಾ ಕೂತಿದ್ದರು. "ಅಂದ್ರೆ, ಆ ರಾತ್ರಿನೇ ಕಟ್ಟು ಬಿಚ್ಚಿದ್ರೆ?" ಅಂತ ಭಾವ ಕೇಳಿದರು. ಅತ್ತೆಯ ಮುಖ ನೋಡಿ ನಾನು ಮಾತು ಬದಲಿಸಿದೆ.