ಪಠ್ಯಕ್ರೀಡೆಗಳಲ್ಲಿ ಗುರುತುಭಾಷೆಯ ಅಧಿಕಾರ

ಚಿತ್ರವೊಂದೂ ಇಲ್ಲದೆ, ಕೇವಲ ಅಕ್ಷರಗಳಿಂದ ರಚಿತವಾದ ಲೋಕದಲ್ಲಿ ಅನೇಕರು ಏಕಕಾಲಕ್ಕೆ ಸಂಚರಿಸಿ ಸಂಭಾಷಿಸುವ ಗಣಕಯಂತ್ರದ ಕ್ರೀಡೆಗಳಿಗೆ ‘ಮಡ್’ ಎಂದು ಹೆಸರು. ಇವುಗಳಲ್ಲಿ ಈ ಹೆಸರನ್ನು ಪಡೆದ ಮೊದಲನೆಯದನ್ನು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಕ್ರಿ. ಶ. 1978ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಪ್ರಾರಂಭಿಸಿದರು. 1980ರಲ್ಲಿ ರಿಚರ್ಡ್ ಬಾರ್ಟಲ್ ಅದನ್ನು ವಹಿಸಿಕೊಂಡು ಬೆಳೆಸಿದರು. ಆಟಗಾರನು ‘ಉತ್ತರಕ್ಕೆ ಹೋಗು’, ‘ಕತ್ತಿಯನ್ನು ತೆಗೆದುಕೊ’ ಎಂಬರ್ಥದ ಆಜ್ಞೆಯನ್ನು ಬೆರಳಚ್ಚು ಮಾಡಿದರೆ ಯಂತ್ರವು ವಾಕ್ಯಗಳಲ್ಲಿ ಉತ್ತರ ಕೊಡುವುದು. ಅದೇ ಸ್ಥಳದಲ್ಲಿರುವ ಇತರ ಆಟಗಾರರ ಮಾತೂ ಅದೇ ಪರದೆಯ ಮೇಲೆ, ಅದೇ ಅಚ್ಚಿನಲ್ಲಿ, ಸಾಲುಸಾಲಾಗಿ ಮೂಡುವುದು. ಈ ಕೊನೆಯ ಅಂಶವನ್ನು ವಿಶೇಷವಾಗಿ ಗಮನದಲ್ಲಿಡಬೇಕು. ಗ್ರಂಥಕರ್ತೃವಿನ ವಾಕ್ಯವೂ ಓದುಗರ ವಾಕ್ಯವೂ ಒಂದೇ ಪ್ರವಾಹದಲ್ಲಿ ಬೆರೆತು ಹರಿಯುವ ಇಂಥ ಪಠ್ಯಕ್ಕೆ ವಿಶ್ವವ್ಯಾಪಿ ಜಾಲದ ಗುರುತುಭಾಷೆಯನ್ನು ಅಳವಡಿಸಲು ಹೊರಟಾಗ ಉಂಟಾದ ತೊಡಕುಗಳು ಯಂತ್ರಶಾಸ್ತ್ರಕ್ಕೆ ಮಾತ್ರ ಸೇರಿದುವಲ್ಲ. ಪಾಠದ ಮೇಲೆ ಗುರುತು ಹಾಕುವ ಅಧಿಕಾರವು ಯಾರದು ಎಂಬ, ಗ್ರಂಥಸಂಪಾದಕರಿಗೆ ಚಿರಪರಿಚಿತವಾದ ಪ್ರಶ್ನೆಯೇ ಅವುಗಳ ಮೂಲದಲ್ಲಿದೆ.

ಈ ಕ್ರೀಡೆಗಳ ವಾಹನವು ಟೆಲ್‌ನೆಟ್ ಎಂಬ ಸಂಪರ್ಕಪದ್ಧತಿ. ಅದರ ನಿಯಮಗಳು 1983ರಲ್ಲಿ ಸ್ಥಿರರೂಪವನ್ನು ಹೊಂದಿದುವು. ಅದರಲ್ಲಿ ಅಕ್ಷರಗಳೂ ಯಂತ್ರಗಳ ಪರಸ್ಪರ ಸಂಜ್ಞೆಗಳೂ ಒಂದೇ ದಾರಿಯಲ್ಲಿ ಸಾಗುತ್ತವೆ. 255 ಎಂಬ ಸಂಖ್ಯೆಯುಳ್ಳ ಬೈಟು ಬಂದರೆ ಮುಂದಿನದು ಅಕ್ಷರವಲ್ಲ, ಸಂಜ್ಞೆ ಎಂದು ಸಂಕೇತ. ಅಕ್ಷರವೇ 255 ಆಗಿದ್ದರೆ ಅದನ್ನು ಎರಡು ಸಲ ಕಳುಹಬೇಕು. ರಷ್ಯನ್ ಭಾಷೆಗಾಗಿ ವಿಂಡೋಸ್ ಯಂತ್ರಗಳಲ್ಲಿ ಬಳಕೆಗೆ ಬಂದ 1251ನೆಯ ಸಂಕೇತಾವಳಿಯಲ್ಲಿ ಆ ಸ್ಥಾನವು ವರ್ಣಮಾಲೆಯ ಕಟ್ಟಕಡೆಯ ಅಕ್ಷರವಾದ ‘ಯಾ’ ಎಂಬುದಕ್ಕೆ ಸಂದಿತು. ಅದು ಆ ಭಾಷೆಯಲ್ಲಿ ‘ನಾನು’ ಎಂಬರ್ಥದ ಪದವೂ ಹೌದು. ದ್ವಿತ್ವವನ್ನು ಮರೆತರೆ ‘ನಾನು’ ಎಂದವನ ಮಾತನ್ನು ಯಂತ್ರವು ತನಗೆ ಕೊಟ್ಟ ಆಜ್ಞೆಯೆಂದು ಭ್ರಮಿಸುತ್ತಿದ್ದಿತು! ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ 255 ಎಂಬ ಬೈಟು ಎಲ್ಲಿಯೂ ಬಾರದಾದುದರಿಂದ, ಅಕ್ಷರವೊಂದಕ್ಕೆ ಮೂರು ಬೈಟುಗಳನ್ನು ಬೇಡುವ ಕನ್ನಡಕ್ಕೆ ಈ ಬಾಧೆಯಿಲ್ಲ.

ಜಾಲದ ಗುರುತುಭಾಷೆಯಾದ ಎಚ್‌ಟಿಎಂಎಲ್ ಹುಟ್ಟಿದುದು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಅದರ ಟ್ಯಾಗುಗಳ ಮೊದಲ ವಿವರಣೆಯನ್ನು ಹೊರಗೆಡಹಿದರು. 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿದ್ದ ಎಸ್‌ಜಿಎಂಎಲ್‌ನಿಂದ ಅದು ಕೋನಕಂಸಗಳನ್ನು, ಎಂದರೆ ‘<’ ಮತ್ತು ‘>’ ಎಂಬ ಚಿಹ್ನೆಗಳನ್ನು, ಎರವು ಪಡೆಯಿತು. ಈ ಕಂಸಗಳ ನಡುವೆ ಬಂದುದು ಓದುವ ಮಾತಲ್ಲ, ಮಾತನ್ನು ಕುರಿತ ಸೂಚನೆ. ಆದರೆ ಮಡ್ ಆಟಗಳಲ್ಲಿ ಕೋನಕಂಸಕ್ಕೆ ಬೇರೆ ಒಡೆಯರು ಆಗಲೇ ಇದ್ದರು. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ 1991ರಲ್ಲಿ ಸಿದ್ಧವಾದ ಡಿಕುಮಡ್ ಎಂಬುದರ ಸಂತತಿಗೆ ಸೇರಿದ ಅನೇಕ ಆಟಗಳು ಆಟಗಾರನ ಪ್ರಾಣಬಲ, ಮಂತ್ರಬಲ, ನಡೆಯುವ ಶಕ್ತಿ ಇವುಗಳ ಅಂಕೆಗಳನ್ನು ಪ್ರತಿ ಆಜ್ಞೆಗೂ ಮುಂಚೆ ಕೋನಕಂಸದೊಳಗಿಟ್ಟು ತೋರಿಸುತ್ತಿದ್ದುವು. ಅಂಥ ಸಾಲನ್ನು ಎಚ್‌ಟಿಎಂಎಲ್ ಬಲ್ಲ ತಂತ್ರಾಂಶವು ಓದಿದರೆ, ಅರ್ಥವಾಗದ ಟ್ಯಾಗೆಂದು ಬಗೆದು ನುಂಗಿಬಿಡುವುದು. ಆಟಗಾರನಿಗೆ ತನ್ನ ಪ್ರಾಣಬಲವೇ ಕಾಣದು.

ಈ ಎರಡನ್ನೂ ಒಂದುಗೂಡಿಸುವ ಗಮನಾರ್ಹವಾದ ಮೊದಲ ಯತ್ನಗಳಲ್ಲಿ ಒಂದು, 1990ರ ದಶಕದ ನಡುವಿನಲ್ಲಿ ಚಾಕೊ ಕಮ್ಯೂನಿಕೇಷನ್ಸ್ ಎಂಬ ಸಂಸ್ಥೆಯು ಹೊರತಂದ ಪ್ಯೂಬ್ಲೋ. ತಾನು ಪ್ಯೂಬ್ಲೋವನ್ನು ಬಲ್ಲೆನೆಂದು ಆಟದ ಸರ್ವರು ಒಂದು ಸಾಲಿನಲ್ಲಿ ಸಾರುವುದು. ಆಟಗಾರನ ಕಡೆಯ ತಂತ್ರಾಂಶವು ಒಪ್ಪಿಗೆಯ ಮರುಸಾಲನ್ನು ಕಳುಹುವುದು. ಅನಂತರ ಟ್ಯಾಗುಗಳು ಹರಿಯುವುವು. ಇದರ ನಿಜವಾದ ಹೊಸತನವಿದ್ದುದು ಕೊಂಡಿಯಲ್ಲಿ. ಜಾಲದ ಪುಟದಲ್ಲಿ ಕೊಂಡಿಯು ಓದುಗನನ್ನು ಮತ್ತೊಂದು ಪುಟಕ್ಕೆ ಕರೆದೊಯ್ಯುತ್ತದೆ. ಪ್ಯೂಬ್ಲೋ ಕೊಂಡಿಯೊಳಗೆ ಆಟದ ಆಜ್ಞೆಯೊಂದನ್ನು ಹುದುಗಿಸಲು ಅವಕಾಶವಿತ್ತಿತು. ಒತ್ತಿದೊಡನೆ, ಆಟಗಾರನೇ ಬೆರಳಚ್ಚು ಮಾಡಿದನೋ ಎಂಬಂತೆ ಆ ಆಜ್ಞೆಯು ಸರ್ವರನ್ನು ಸೇರುವುದು. ಅಲ್ಲಿಗೆ ಕೊಂಡಿಯು ಓದುಗನಿಗೆ ದಾರಿ ತೋರುವುದನ್ನು ಬಿಟ್ಟು ಅವನ ಪರವಾಗಿ ಮಾತನಾಡತೊಡಗಿತು.

ಭಯವೂ ಇದರಿಂದಲೇ. ಮಷ್ ಎಂಬ ಶಾಖೆಯ ಆಟಗಳಲ್ಲಿ ಕೋಣೆಗಳನ್ನೂ ವಸ್ತುಗಳನ್ನೂ ಆಟಗಾರರೇ ಬರೆದು ಕಟ್ಟುವರು. ಒಬ್ಬನು ‘ಬಾಗಿಲು’ ಎಂಬ ಪದಕ್ಕೆ ಕೊಂಡಿಯನ್ನಿಟ್ಟು, ಅದರೊಳಗೆ ‘ಚಿನ್ನವನ್ನೆಲ್ಲ ನನಗೆ ಕೊಡು’ ಎಂಬ ಆಜ್ಞೆಯನ್ನು ಅಡಗಿಸಿದನೆಂದು ಭಾವಿಸಬಹುದು. ಅದನ್ನು ಒತ್ತಿದ ಅಮಾಯಕನು ತನ್ನ ಬಾಯಿಂದಲೇ ತನ್ನ ಸ್ವತ್ತನ್ನು ಒಪ್ಪಿಸಿದಂತಾಗುವುದು. ಆದುದರಿಂದಲೇ ಪೆನ್‌ಮಷ್ ಎಂಬ ಸರ್ವರಿನಲ್ಲಿ ಇತರರಿಗೆ ಪ್ಯೂಬ್ಲೋ ಟ್ಯಾಗುಗಳನ್ನು ಕಳುಹುವುದಕ್ಕೆ ಪ್ರತ್ಯೇಕವಾದ ಅಧಿಕಾರವೊಂದನ್ನು ಏರ್ಪಡಿಸಬೇಕಾಯಿತು.

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎದುರಿಸಿದ ಕೀರ್ತಿಯು ಝಗ್‌ಸಾಫ್ಟ್ ಸಂಸ್ಥೆಯು ತನ್ನ ಝಡ್‌ಮಡ್ ತಂತ್ರಾಂಶದೊಡನೆ ರೂಪಿಸಿದ ಎಂಎಕ್ಸ್‌ಪಿ ಎಂಬ ಪದ್ಧತಿಗೆ ಸಲ್ಲಬೇಕು. ಟೆಲ್‌ನೆಟ್ಟಿನ 91ನೆಯ ಐಚ್ಛಿಕ ಸಂಜ್ಞೆಯಿಂದ ಇದರ ಬಳಕೆಯನ್ನು ಎರಡು ಕಡೆಯವರೂ ಒಪ್ಪಿಕೊಳ್ಳುತ್ತಾರೆ. ಇದರ ತಿರುಳು ಸಾಲುಗಳ ವರ್ಗೀಕರಣ. ಸಾಲು ಮುಕ್ತವೋ, ಸುರಕ್ಷಿತವೋ, ಬಂಧಿತವೋ ಎಂದು ಮೂರು ಬಗೆ. ಮುಕ್ತವಾದುದರಲ್ಲಿ ದಪ್ಪಕ್ಷರ, ಓರೆಯಕ್ಷರ, ಬಣ್ಣ ಮುಂತಾದ ನಿರಪಾಯವಾದ ಗುರುತುಗಳು ಮಾತ್ರ ಸಲ್ಲುವುವು. ಸುರಕ್ಷಿತವಾದುದರಲ್ಲಿ ಆಜ್ಞೆಯನ್ನು ಕಳುಹುವ ಕೊಂಡಿಯೇ ಮೊದಲಾದ ಎಲ್ಲವೂ ಸಲ್ಲುವುವು. ಬಂಧಿತವಾದುದರಲ್ಲಿ ಕೋನಕಂಸವು ಬರಿಯ ಕೋನಕಂಸವೇ. ಎಸ್ಕೇಪ್ ಎಂಬ ಅಗೋಚರ ಅಕ್ಷರದಿಂದ ಮೊದಲಾಗುವ ಕಿರುಸಂಕೇತವು ಈ ವರ್ಗವನ್ನು ನಿರ್ಣಯಿಸುವುದು. ಸಾಲು ಮುಗಿದೊಡನೆ ಸುರಕ್ಷಿತತೆಯೂ ಮುಗಿಯುವುದು. ಆಟಗಾರರ ಮಾತಿನೊಳಗೆ ಆ ಅಗೋಚರ ಅಕ್ಷರವು ನುಸುಳದಂತೆ ಸರ್ವರು ಶೋಧಿಸಿದರೆ ಸಾಕು, ಅಧಿಕಾರವು ಗ್ರಂಥಕರ್ತೃವಿನಲ್ಲಿಯೇ ಉಳಿಯುವುದು. ಓಲೆಯ ಪ್ರತಿಗಳಲ್ಲಿ ಪ್ರಕ್ಷೇಪವನ್ನು ಮೂಲದಿಂದ ಬೇರ್ಪಡಿಸಲು ಶ್ರಮಿಸುವವರಿಗೆ, ಪ್ರತಿ ಸಾಲೂ ತನ್ನ ಕರ್ತೃತ್ವವನ್ನು ತಾನೇ ಹೇಳಿಕೊಳ್ಳುವ ಈ ಏರ್ಪಾಡು ಅಸೂಯೆಯನ್ನು ಹುಟ್ಟಿಸೀತು.

ಕಾಲದ ಪ್ರಶ್ನೆಯೂ ಒಂದಿದ್ದಿತು. ಪುಟವು ಸ್ಥಿರ, ಮಡ್ ಆಟದ ಪಠ್ಯವು ಸುರುಳಿಯಂತೆ ಮೇಲೆ ಸರಿಯುತ್ತಿರುತ್ತದೆ. ಬಿಟ್ಟುಬಂದ ಕೋಣೆಯ ಕತ್ತಿಯ ಕೊಂಡಿಯು ಇನ್ನೂ ಪರದೆಯ ಮೇಲಿದ್ದರೆ ಅದನ್ನು ಒತ್ತುವುದು ನಿರರ್ಥಕ. ಕೊಂಡಿಗಳಿಗೆ ಹೆಸರಿಟ್ಟು, ಕೋಣೆಯಿಂದ ಹೊರಟಾಗ ಅವುಗಳನ್ನು ನಿರ್ಜೀವಗೊಳಿಸುವ ಟ್ಯಾಗೊಂದನ್ನು ಎಂಎಕ್ಸ್‌ಪಿ ಒದಗಿಸಿತು. ಹೀಗೆ ಅಕ್ಷರವು ಉಳಿದು ಅದರ ಶಕ್ತಿಯು ಅಳಿಯುವುದು. ಜಾಲದ ಮೂಲ ಗುರುತುಭಾಷೆಯಲ್ಲಿ ಇದಕ್ಕೆ ಸಮಾನವಾದುದಿಲ್ಲ. ಇದಲ್ಲದೆ ಕೋಣೆಯ ಹೆಸರಿನ ಸಾಲಿಗೆ 10, ವರ್ಣನೆಗೆ 11, ನಿರ್ಗಮನದ ದಾರಿಗಳಿಗೆ 12 ಎಂದು ಸಂಖ್ಯೆಗಳನ್ನೂ ಗೊತ್ತುಮಾಡಿದ್ದಿತು. ಪರದೆಯನ್ನು ಧ್ವನಿಯಾಗಿ ಓದಿಸಿಕೊಂಡು ಆಡುವ ಅಂಧರು ಈ ಆಟಗಳಲ್ಲಿ ಅನೇಕರಿರುವುದನ್ನು ನೆನೆದರೆ, ಬಣ್ಣದ ಗುರುತಿಗಿಂತ ಅರ್ಥದ ಗುರುತು ಎಷ್ಟು ಮಿಗಿಲೆಂಬುದು ತಿಳಿಯುತ್ತದೆ.

ಪ್ರಾಣಬಲವನ್ನು ನುಂಗುವ ಕೋನಕಂಸದ ತೊಡಕಿಗೆ ಮಷ್‌ಕ್ಲೈಂಟ್ ತಂತ್ರಾಂಶದ ಕರ್ತೃವಾದ ನಿಕ್ ಗ್ಯಾಮನ್ ಪ್ರಕಟಿಸಿದ ಪರಿಹಾರವು ಸರಳವೂ ಸುಂದರವೂ ಆದುದು. ಅದೆಂತೆಂದರೆ: ಸರ್ವರಿನ ಒಳಗೆ ಆಟದ ಕರ್ತೃವು ಟ್ಯಾಗನ್ನು ಬರೆಯುವಾಗ ಕೋನಕಂಸವನ್ನು ಬಳಸದೆ, ಯಾರೂ ಬೆರಳಚ್ಚು ಮಾಡದ 3 ಮತ್ತು 4ನೆಯ ಸಂಖ್ಯೆಯ ಅಗೋಚರ ಅಕ್ಷರಗಳನ್ನು ಬಳಸಬೇಕು. ಪಠ್ಯವು ಹೊರಡುವಾಗ ಅವು ಕೋನಕಂಸಗಳಾಗುವುವು. ಪಠ್ಯದಲ್ಲಿ ಮೊದಲೇ ಇದ್ದ ಕೋನಕಂಸಗಳು ತೋರಿಕೆಯ ಚಿಹ್ನೆಗಳೆಂದು ಸೂಚಿಸುವ ಬದಲಿಬರಹವಾಗುವುವು. ಎಂಎಕ್ಸ್‌ಪಿ ಅರಿಯದ ಯಂತ್ರಕ್ಕೆ ಟ್ಯಾಗುಗಳು ಹೋಗುವುದೇ ಇಲ್ಲ. ಕಣ್ಣಿಗೆ ಒಂದೇ ಆಗಿ ತೋರುವ ಚಿಹ್ನೆಗೆ ಒಳಗೆ ಎರಡು ಜನ್ಮಗಳು.

ಅನಂತರದ ಕಾಲದಲ್ಲಿ ಕ್ರೀಡಾಕಾರರು ಬೇರೊಂದು ದಾರಿಯನ್ನು ಹಿಡಿದರು. 201ನೆಯ ಸಂಜ್ಞೆಯನ್ನು ಆಶ್ರಯಿಸಿದ ಜಿಎಂಸಿಪಿ ಎಂಬ ಪದ್ಧತಿಯು ಪ್ರಾಣಬಲ, ಕೋಣೆಯ ವಿವರ ಮುಂತಾದುವನ್ನು ಪಠ್ಯದಿಂದ ಹೊರಗೆ, ಟೆಲ್‌ನೆಟ್ಟಿನ ಗುಪ್ತ ಸಂಜ್ಞೆಗಳೊಳಗೆ, ಜೇಸನ್ ರೂಪದಲ್ಲಿ ಕಳುಹುವುದು. ಕಂಸಗಳ ಘರ್ಷಣೆಯು ಅಲ್ಲಿ ಹುಟ್ಟುವುದೇ ಇಲ್ಲ. ಇದು ಹೆಚ್ಚು ಶುದ್ಧವಾದ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಠ್ಯದಿಂದ ಬೇರೆಯಾದ ಸೂಚನೆಯು, ವಾಕ್ಯದ ನಡುವಿರುವ ‘ಕತ್ತಿ’ ಎಂಬ ಆ ಒಂದು ಪದಕ್ಕೆ ಅಂಟಿಕೊಂಡು ನಿಲ್ಲಲಾರದು. ಆದುದರಿಂದ ಹಳೆಯ ಪದ್ಧತಿಯು ಅಳಿಯಲಿಲ್ಲ. ಮಡ್ಲೆಟ್ ತಂತ್ರಾಂಶವು ಎಂಎಕ್ಸ್‌ಪಿಯನ್ನು ತನ್ನದಾಗಿಸಿಕೊಂಡಿತು. ಪೈಥಾನ್ ಭಾಷೆಯಲ್ಲಿ ರಚಿತವಾದ ಎವೆನ್ನಿಯಾ ಎಂಬ ಸರ್ವರು ಕೋನಕಂಸವನ್ನು ಬಿಟ್ಟು ಲಂಬರೇಖೆಯಿಂದ ಮೊದಲಾಗುವ ತನ್ನದೇ ಕೊಂಡಿಯ ಸಂಕೇತವನ್ನಿಟ್ಟುಕೊಂಡು, ಟೆಲ್‌ನೆಟ್ಟಿನಲ್ಲಿ ಬರುವವನಿಗೆ ಅದನ್ನು ಎಂಎಕ್ಸ್‌ಪಿಯಾಗಿಯೂ ಜಾಲದ ಮೂಲಕ ಬರುವವನಿಗೆ ಎಚ್‌ಟಿಎಂಎಲ್ ಆಗಿಯೂ ಪರಿವರ್ತಿಸುವುದು. ಆಟಗಾರರು ತಾವು ಬರೆದ ಮಾತಿನಲ್ಲಿ ಇಂಥ ಕೊಂಡಿಯನ್ನಿಡದಂತೆ ತಡೆಯುವ ಆಯ್ಕೆಯೊಂದು ಅದರ ವ್ಯವಸ್ಥಾಪಟ್ಟಿಯಲ್ಲಿಯೂ ಇದೆ.