ಜೀಪಿನ ಲೈಟು ಮಂಕಾದ ಕತೆ: ಲಾಂದ್ರದ ಕಾಲದಿಂದ ರಿಲೇವರೆಗೆ

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಬರಹ ಸ್ವಲ್ಪ ಉದ್ದ ಆಯ್ತು, ಸಂಜೆ ಬಿಡುವಾದಾಗ ಕೂತು ಓದಿ.

ಹೋದ ಧನುರ್ಮಾಸದಲ್ಲಿ ಒಂದಿನ ಬೆಳಗಿನ ಜಾವ ನಾಲ್ಕು ಗಂಟೆ. ಜೀಪಿನ ಹಿಂದೆ ಕೊತ್ತಂಬರಿ, ಸಬ್ಬಸಿಗೆ ಕಂತೆ ತುಂಬ್ಕೊಂಡು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೊರಟಿದ್ದೆ. ಕೆ.ಆರ್. ಪುರದ ತೂಗುಸೇತುವೆ ದಾಟಿ, ಟಿನ್ ಫ್ಯಾಕ್ಟರಿ ದಾಟಿ, ಹಳೇ ಮದ್ರಾಸ್ ರಸ್ತೇಲಿ ಹಲಸೂರಿನ ಕಡೆ ಬರೋವಾಗ ಒಂದು ಕಡೆ ಬೀದಿದೀಪ ಆರಿಹೋಗಿತ್ತು, ಮಂಜು ಬೇರೆ. ರಸ್ತೆ ಅಂಚಲ್ಲಿ ಪೌರಕಾರ್ಮಿಕ ಹೆಣ್ಣುಮಗಳೊಬ್ಬರು ಬಗ್ಗಿ ಕಸ ಗುಡಿಸ್ತಿದ್ರು. ಅವರ ಮೈಮೇಲಿನ ಜಾಕೆಟ್ಟಿನ ಪಟ್ಟಿ ನನ್ನ ಕಣ್ಣಿಗೆ ಬಿದ್ದದ್ದು ಹತ್ತು ಮಾರು ದೂರಕ್ಕೆ ಬಂದ್ಮೇಲೆ. ಬಲಕ್ಕೆ ಎಳೆದು ಬ್ರೇಕ್ ಒತ್ತಿದೆ. ಕಂತೆ ಎಲ್ಲಾ ನನ್ನ ಬೆನ್ನ ಮೇಲೆ ಬಂತು. ಅವರ ಪೊರಕೆ ಚಕ್ರದ ಕೆಳಗೆ ಸಿಕ್ಕಿತ್ತು, ಅವರು ಪುಟ್‌ಪಾತ್ ಮೇಲೆ ಹಾರಿ ನಿಂತಿದ್ರು. "ಏನಣ್ಣಾ, ಲೈಟ್ ಹಾಕ್ಕೊಂಡು ಬರಬಾರ್ದಾ?" ಅಂದ್ರು.

ಲೈಟು ಹಾಕೇ ಇತ್ತು.

ಕಾಲಲ್ಲಿ ಶಕ್ತಿ ಇರಲಿಲ್ಲ, ಐದು ನಿಮಿಷ ಅಲ್ಲೇ ಕೂತಿದ್ದೆ. ಅವತ್ತಿಂದ ಈ ಲೈಟಿನ ಹಿಂದೆ ಬಿದ್ದೆ.

ನಮ್ಮದು ಮಹೀಂದ್ರ ಸಿ.ಜೆ. 3ಬಿ ಜೀಪು. ನಮ್ಮ ಚಿಕ್ಕಪ್ಪ ಯಾರದ್ದೋ ಕೈಯಿಂದ ತಗೊಂಡಿದ್ದು, ಅವರಿಗಿಂತ ಮುಂಚೆ ಎಷ್ಟು ಕೈ ದಾಟಿತ್ತೋ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದಾರೆ, ವೈರಿಂಗ್ ಮಾತ್ರ ಹಳೇದೇ. ಈ ಗಾಡಿಯ ವಂಶ ತಿಳಿದ್ರೆ ಕಾಯಿಲೇನೂ ತಿಳಿಯುತ್ತೆ, ಅದಕ್ಕೆ ಮೊದಲು ಅದನ್ನ ಹೇಳ್ತೀನಿ.

ನಮ್ಮ ತಾತನ ಕಾಲದಲ್ಲಿ ಊರಿಂದ ದಂಡಿಗೆ ತರಕಾರಿ ಹೋಗ್ತಿದ್ದದ್ದು ಎತ್ತಿನ ಗಾಡೀಲಿ. ದಂಡು ಅಂದ್ರೆ ಕಂಟೋನ್ಮೆಂಟು. 1809ರಲ್ಲಿ ಇಂಗ್ಲಿಷರು ಸೈನ್ಯ ಇಡೋಕೆ ಮಾಡಿಕೊಂಡ ಜಾಗ, 1947ರ ತನಕ ಅವರ ಕೈಲೇ ಇತ್ತು. ಗಾಡಿ ಅಚ್ಚಿನ ಕೆಳಗೆ ಒಂದು ಲಾಂದ್ರ ನೇತುಹಾಕಿ ಹೊರಟರೆ ಎತ್ತುಗಳೇ ದಾರಿ ನೋಡ್ಕೊಂಡು ಹೋಗೋವು, ತಾತ ನಿದ್ದೆ ಹೊಡೆಯೋರು. ಆ ಲಾಂದ್ರ ದಾರಿ ಕಾಣೋಕಲ್ಲ, ಗಾಡಿ ಇದೆ ಅಂತ ಬೇರೆಯವರಿಗೆ ತೋರ್ಸೋಕೆ.

ಆಮೇಲೆ ಎರಡನೇ ಮಹಾಯುದ್ಧ ಬಂತು. ನಮ್ಮ ಪೂರ್ವದ ಕಡೆ 1940ರ ಕೊನೇಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದ್ರು. ಈಗ ನಾವು ಎಚ್‌ಎಎಲ್ ಅನ್ನೋದು ಅದನ್ನೇ. 1943ರಲ್ಲಿ ವಿಮಾನ ರಿಪೇರಿಗೆ ಅಂತ ಅದನ್ನ ಅಮೆರಿಕದ ಸೇನೆ ಕೈಗೆ ಕೊಟ್ಟರು. ಅಮೆರಿಕದವರು ಹೋದಲ್ಲೆಲ್ಲ ಜೀಪು. ತಾತ ಹೇಳ್ತಿದ್ರು, ಎದುರಿಗೆ ಜೀಪು ಬಂದ್ರೆ ಆ ಬೆಳಕಿಗೆ ಎತ್ತು ಬೆದರಿ ಗಾಡೀನ ಮೋರಿಗೆ ಇಳಿಸಿಬಿಡ್ತಿದ್ವು ಅಂತ.

ಆ ಯುದ್ಧದ ಜೀಪಿನ ಲೈಟಲ್ಲಿ ಒಂದು ತಮಾಷೆ ಇತ್ತು. ದೀಪ ಗ್ರಿಲ್ಲಿನ ಹಿಂದೆ ಕೀಲಿನ ಮೇಲೆ ಕೂತಿರೋದು. ರಾತ್ರಿ ಇಂಜಿನ್ ಕೆಟ್ಟರೆ ಬಾನೆಟ್ ಎತ್ತಿ, ದೀಪವನ್ನ ಹಿಂದಕ್ಕೆ ತಿರುಗಿಸಿದ್ರೆ ಇಂಜಿನ್ ಮೇಲೇ ಬೆಳಕು ಬೀಳೋದು. ಯಾವ ಪುಣ್ಯಾತ್ಮ ಯೋಚನೆ ಮಾಡಿದ್ದೋ, ಈಗಿನ ಗಾಡೀಲೂ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಂಪನಿ 1945ರಲ್ಲಿ ಸಿ.ಜೆ. 2ಎ ಅಂತ ಸಾಮಾನ್ಯ ಜನರಿಗೆ ಜೀಪು ಮಾಡ್ತು. ಅದನ್ನ ಮಾರಿದ್ದೇ ರೈತರಿಗೆ ಅಂತ, ನೇಗಿಲು ಎಳೆಯುತ್ತೆ, ಯಂತ್ರ ಓಡಿಸುತ್ತೆ ಅಂತ. ಅದರಲ್ಲಿ ದೀಪ ದೊಡ್ಡದಾಗಿ ಮುಂದಕ್ಕೆ ಬಂತು, ಏಳು ಇಂಚಿನ ದುಂಡು ದೀಪ. ನಮ್ಮ ಜೀಪಲ್ಲಿ ಇರೋದೂ ಅದೇ ಅಳತೆ.

ಅದೇ 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ಹುಟ್ಟಿತು. ದೇಶ ಇಬ್ಭಾಗ ಆದಾಗ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು, 1948ರಲ್ಲಿ ಕಂಪನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯ್ತು. ವಿಲ್ಲಿಸ್ ಜೀಪನ್ನ ಬಿಡಿಬಿಡಿಯಾಗಿ ತರಿಸಿ ಇಲ್ಲಿ ಜೋಡಿಸೋಕೆ ಶುರು ಮಾಡಿದ್ದು ಇವರೇ. 1953ರಲ್ಲಿ ಅಮೆರಿಕದಲ್ಲಿ ಬಂದ ಎತ್ತರದ ಬಾನೆಟ್ಟಿನ 3ಬಿ, ಅಲ್ಲಿ 1968ಕ್ಕೆ ನಿಂತುಹೋದ್ರೂ ನಮ್ಮಲ್ಲಿ ಎಷ್ಟೋ ವರ್ಷ ತಯಾರಾಗ್ತಾನೇ ಇತ್ತು.

ಈಗ ಮುಖ್ಯ ವಿಷಯ. ಆ ಹಳೇ ವಿಲ್ಲಿಸ್ ಜೀಪೆಲ್ಲ 6 ವೋಲ್ಟು. ಅಷ್ಟೇ ವ್ಯಾಟಿನ ಬಲ್ಬು ಉರಿಯೋಕೆ 12 ವೋಲ್ಟಿಗಿಂತ ಎರಡರಷ್ಟು ಆಂಪಿಯರ್ ಬೇಕು. ದಾರೀಲಿ ಒಂದು ವೋಲ್ಟು ಸೋರಿದ್ರೆ 12ರಲ್ಲಿ ಹನ್ನೆರಡನೇ ಒಂದು ಪಾಲು, 6ರಲ್ಲಿ ಆರನೇ ಒಂದು ಪಾಲು. ಈ ಲೆಕ್ಕ ನಮ್ಮ ಮೈಸೂರು ಸೀಮೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ಟಾಗ ವೋಲ್ಟೇಜನ್ನ ಮೂವತ್ತು ಸಾವಿರದ ಮೇಲಕ್ಕೆ ಏರಿಸಿ ಕಳಿಸಿದ್ದು ಇದೇ ಕಾರಣಕ್ಕೆ. ವೋಲ್ಟು ಜಾಸ್ತಿ ಆದಷ್ಟೂ ಆಂಪಿಯರ್ ಕಮ್ಮಿ, ಆಂಪಿಯರ್ ಕಮ್ಮಿ ಆದಷ್ಟೂ ತಂತೀಲಿ ಸೋರೋದು ಕಮ್ಮಿ. ಆ ಕೆಲಸಕ್ಕೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನ ನೋಡೋಕೆ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ರು. ಬೆಂಗಳೂರಿನ ಬೀದಿಗೆ ಆ ಬೆಳಕು ಬಂದದ್ದು 1905ರಲ್ಲಿ.

ಜೀಪು 12 ವೋಲ್ಟಿಗೆ ಬಂದ್ರೂ ಒಂದು ಹಳೇ ಪದ್ಧತಿ ಉಳೀತು. ಕಾರು ಜೀಪಲ್ಲಿ ದೀಪಕ್ಕೆ ಹೋಗೋ ತಂತಿ ಒಂದೇ, ವಾಪಸ್ ದಾರಿ ಬಾಡಿಯ ತಗಡೇ. ತಾಮ್ರ ಉಳೀತದೆ. ಗಾಡಿ ಹೊಸದಿದ್ದಾಗ ತೊಂದ್ರೆ ಇಲ್ಲ. ಮೂವತ್ತು ನಲವತ್ತು ವರ್ಷ ಗೊಬ್ಬರ, ಉಪ್ಪು, ಕೆಸರು ಹೊತ್ತ ಜೀಪಿನ ಗ್ರಿಲ್ಲಿಗೂ ಚಾಸಿಗೂ ನಡುವೆ ತುಕ್ಕು ಬಣ್ಣ ಎರಡೂ ಕೂತಿರುತ್ತೆ. ನೀರು ಬರೋ ಕಾಲುವೆ ಚೆನ್ನಾಗಿದ್ದು ಹೋಗೋ ಕಾಲುವೆ ಹೂಳು ತುಂಬಿದ್ರೆ ಏನಾಗುತ್ತೋ ಹಾಗೆ.

ನಾನು ಮಾಡಿದ ತಪ್ಪು ಕೇಳಿ. ಮೊದಲು ಅಂಗಡಿಯವರು ಹೇಳಿದ್ರು ಅಂತ 100 ವ್ಯಾಟಿನ ಬಲ್ಬು ಹಾಕಿದೆ. ಮೂರು ದಿನಕ್ಕೆ ಸ್ವಿಚ್ ಕಾದು ವಾಸನೆ ಬಂತು, ಕೈಯಲ್ಲಿ ಮುಟ್ಟೋಕಾಗ್ಲಿಲ್ಲ. ಇನ್ನೊಬ್ಬರ ಮಾತು ಕೇಳಿ ಬಿಳೀ ಎಲ್‌ಇಡಿ ಹಾಕಿದೆ. ನನಗೆ ರಸ್ತೆ ಕಾಣದೆ ಎದುರಿನವರ ಕಣ್ಣು ಕುಕ್ಕೋದು, ಬೈಗುಳ ತಿಂದು ತೆಗೆದೆ. ಹಳೇ ಬಲ್ಬೇ ಹಾಕ್ಕೊಂಡು ಓಡಾಡ್ತಿದ್ದೆ. ಆ ಧನುರ್ಮಾಸದ ಜಾವ ಬಂದದ್ದು ಆಮೇಲೆ.

ಕೊನೆಗೆ ಶಿವಾಜಿನಗರದಲ್ಲೇ ಒಬ್ಬರು ವಯಸ್ಸಾದ ಎಲೆಕ್ಟ್ರಿಷಿಯನ್ ಸಿಕ್ಕಿದ್ರು. ಅವರು ಬಲ್ಬ್ ಮುಟ್ಟಲೇ ಇಲ್ಲ. "ಗೌಡ್ರೇ, ಗಾಡಿ ಸ್ಟಾರ್ಟ್ ಮಾಡಿ ಲೈಟ್ ಹಾಕಿ" ಅಂತ ಹೇಳಿ ಮೀಟರ್ ಹಿಡಿದ್ರು. ಬ್ಯಾಟರಿ ಮೇಲೆ 13.9. ಬಲ್ಬಿನ ಹತ್ರ 11.1. "ನೋಡಿ ಭಾಯ್, ಎರಡೂ ಮುಕ್ಕಾಲು ವೋಲ್ಟು ದಾರೀಲೇ ತಿಂದುಬಿಟ್ಟಿದೆ" ಅಂದ್ರು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ಥಿಂಗ್ ಪಿನ್ನಿಗೆ: 1.3 ತೋರಿಸ್ತು. ಅರ್ಥಿಂಗ್ ಸರಿ ಇದ್ರೆ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಉಳಿದ ಒಂದೂವರೆ ಪ್ಲಸ್ ಕಡೆ, ಸ್ವಿಚ್ಚಲ್ಲಿ ಮತ್ತು ಕಾಲಡಿಯ ಡಿಪ್ಪರಲ್ಲಿ. ಆ ಡಿಪ್ಪರ್ ಬಿಚ್ಚಿದ್ರೆ ಒಳಗೆ ನಮ್ಮ ಹೊಲದ ಕೆಮ್ಮಣ್ಣು!

ಇದನ್ನ ಬಲ್ಬ್ ಉರಿಯೋವಾಗಲೇ ಅಳೀಬೇಕು, ಪಿನ್ ಬಿಚ್ಚಿ ಅಳೆದ್ರೆ ಎಲ್ಲಾ ಸರಿ ಇದೆ ಅಂತಲೇ ತೋರಿಸುತ್ತೆ. ಮೋಟರ್ ಓಡದೇ ಇದ್ದಾಗ ವೋಲ್ಟ್ ಚೆನ್ನಾಗೇ ತೋರಿಸಲ್ವಾ, ಹಾಗೆ. ಇಷ್ಟಕ್ಕೂ ಎರಡೂ ಮುಕ್ಕಾಲು ವೋಲ್ಟು ಏನ್ ಮಹಾ ಅನ್ಬೇಡಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟು ನೂರಕ್ಕೆ ಹತ್ತು ಕಮ್ಮಿ ಆದ್ರೆ ಬೆಳಕು ನೂರಕ್ಕೆ ಮೂವತ್ತರಷ್ಟು ಬೀಳುತ್ತೆ. ನನ್ನ ಲೆಕ್ಕದಲ್ಲಿ ಸಿಗ್ತಿದ್ದದ್ದು ಅರ್ಧ ಬೆಳಕು.

ನಿಮ್ಮದರಲ್ಲಿ ಕಾಯಿಲೆ ಬೇರೆ ಇರಬಹುದು. ಒಂದೇ ಕಡೆ ಮಂಕಾದ್ರೆ ಆ ಕಡೆಯ ಅರ್ಥಿಂಗ್ ನೋಡಿ. ಎರಡೂ ಮಂಕಾಗಿ, ಆಕ್ಸಿಲರೇಟರ್ ಒತ್ತಿದಾಗ ಬೆಳಕು ಏರಿದ್ರೆ ಡೈನಮೋ ಬೆಲ್ಟು, ಬ್ಯಾಟರಿ ನೋಡಿ. ವೋಲ್ಟು ಸರಿಯಾಗೇ ಇದ್ದು ಬೆಳಕು ಇಲ್ಲ ಅಂದ್ರೆ ಒಳಗಿನ ರಿಫ್ಲೆಕ್ಟರಿನ ಬೆಳ್ಳಿ ಕಪ್ಪಾಗಿರುತ್ತೆ, ಅದಕ್ಕೆ ದೀಪದ ಬಟ್ಟಲೇ ಬದಲಾಯಿಸಬೇಕು, ಉಜ್ಜೋಕೆ ಹೋಗ್ಬೇಡಿ.

ನನ್ನದಕ್ಕೆ ಅವರು ಮಾಡಿದ್ದು ಇಷ್ಟೇ. ಬ್ಯಾಟರಿ ಮೈನಸ್ಸಿಂದ ಎರಡೂ ದೀಪಕ್ಕೆ ನೇರ ದಪ್ಪ ತಂತಿ. ಬ್ಯಾಟರಿ ಪ್ಲಸ್ ಪಕ್ಕದಲ್ಲೇ ಫ್ಯೂಸು, ಅಲ್ಲಿಂದ ಎರಡು ರಿಲೇ, ಹೈಗೊಂದು ಡಿಮ್ಮಿಗೊಂದು. ಮೊದಲು ಎರಡು ಬಲ್ಬಿನ ಹತ್ತು ಆಂಪಿಯರೂ ಹಳೇ ಸ್ವಿಚ್ಚಿನ ಮೂಲಕ ಹೋಗ್ತಿತ್ತು. ಈಗ ಸ್ವಿಚ್ಚಿಗೆ ರಿಲೇನ ಎಬ್ಬಿಸೋ ಕೆಲಸ ಮಾತ್ರ. ತೂಬಿನ ಹಲಗೆ ಎತ್ತೋಕೆ ಒಬ್ಬ ಆಳು ಸಾಕು, ನೀರು ಅದರ ಪಾಡಿಗೆ ಹೋಗುತ್ತೆ. ಫ್ಯೂಸ್ ಇಲ್ಲದೆ ಮಾತ್ರ ಯಾರೂ ತಂತಿ ಎಳೀಬೇಡಿ, ಗಾಡೀನೇ ಸುಟ್ಟುಹೋಗುತ್ತೆ. ಸಾಮಾನು, ಕೂಲಿ ಎರಡೂ ಸೇರಿ ನಾನು ಸುಮ್ನೆ ಕೊಂಡ ಬಲ್ಬುಗಳಿಗಿಂತ ಕಮ್ಮಿ ಆಯ್ತು. ಈಗ ಅದೇ 60/55 ವ್ಯಾಟ್ ಬಲ್ಬಿನ ಹತ್ರ 13.4 ಬರ್ತಿದೆ.

ಮಾರನೇ ವಾರ ಅದೇ ಜಾಗದಲ್ಲಿ ಜೀಪು ನಿಲ್ಲಿಸಿ ಆ ಹೆಣ್ಣುಮಗಳಿಗೆ ಒಂದು ಹೊಸ ಪೊರಕೆ, ಎರಡು ಕಂತೆ ಸೊಪ್ಪು ಕೊಟ್ಟೆ. ಸೊಪ್ಪು ತಗೊಂಡ್ರು. ಪೊರಕೆ ನೋಡಿ, "ಇದು ಮನೆ ಗುಡ್ಸೋದಣ್ಣಾ, ರೋಡಿಗೆ ಆಗಲ್ಲ" ಅಂತ ನಕ್ಕರು.

ಮೀಟರ್ ಒಂದು ನಾನೂ ಕೊಂಡಿದೀನಿ. ಹಳೇ ಜೀಪು, ಟ್ರ್ಯಾಕ್ಟರ್ ಲೈಟು ಮಂಕಾಗಿರೋರು ಮನೆ ಹತ್ರ ತಗೊಂಡು ಬನ್ನಿ, ಅಳೆದು ನೋಡೋಣ. ಮಂಗಳವಾರ ಮಾತ್ರ ಬೇಡ, ಸಂತೆಗೆ ಹೋಗಿರ್ತೀನಿ.