ಯುದ್ಧ ಬೇಡ ಅಂದಿದ್ದ ಸೈನಿಕ

ಅಮೆರಿಕದ ಟೆನೆಸಿಯ ಬೆಟ್ಟಗಳ ನಡುವೆ ಪಾಲ್ ಮಾಲ್ ಅಂತ ಒಂದು ಹಳ್ಳಿ. ಆಲ್ವಿನ್ ಯಾರ್ಕ್ ಅಲ್ಲಿ ಹುಟ್ಟಿದ್ದು 1887ರಲ್ಲಿ, ಹನ್ನೊಂದು ಮಕ್ಕಳಲ್ಲಿ ಮೂರನೆಯವನಾಗಿ. ಶಾಲೆ ನೋಡಿದ್ದು ಕೆಲವೇ ತಿಂಗಳು. ಮಿಕ್ಕಿದ್ದೆಲ್ಲ ಹೊಲ, ಬೇಟೆ, ಅಪ್ಪನ ಕುಲುಮೆ.

1917ರಲ್ಲಿ ಸೇನೆಗೆ ಕರೆ ಬಂತು. ಕೊಲ್ಲೋದು ಪಾಪ ಅಂತ ನಂಬಿದ್ದ ಆತ ವಿನಾಯಿತಿ ಕೇಳಿದ, ಸಿಗಲಿಲ್ಲ. ಮುಂದಿನ ವರ್ಷ ಅಕ್ಟೋಬರ್ 8ರಂದು ಫ್ರಾನ್ಸಿನ ಆರ್ಗೋನ್ ಕಾಡಿನಲ್ಲಿ ಜರ್ಮನ್ ಮಷಿನ್ ಗನ್ನುಗಳಿಗೆ ಜೊತೆಗಾರರು ಒಬ್ಬೊಬ್ಬರಾಗಿ ಬೀಳತೊಡಗಿದಾಗ, ಬೇಟೆಯಲ್ಲಿ ಕಲಿತ ಗುರಿಯೇ ಉಳಿದವರನ್ನು ಕಾಪಾಡಿತು. ಯಾರ್ಕ್ ಮತ್ತು ಬದುಕುಳಿದ ಏಳು ಜನ 132 ಸೆರೆಯಾಳುಗಳ ಜೊತೆ ವಾಪಸ್ ಬಂದರು.

ಆಮೇಲೆ ಜಾಹೀರಾತು, ನಾಟಕ, ಸಿನಿಮಾ ಅಂತ ಹಣ ಹುಡುಕಿಕೊಂಡು ಬಂತು. ಯಾರ್ಕ್ ಬೇಡ ಅಂದು ಊರಿಗೆ ಹೋದ, 1919ರ ಜೂನ್‌ನಲ್ಲಿ ಗ್ರೇಸಿಯನ್ನು ಮದುವೆಯಾದ. ಅಭಿಮಾನಿಗಳು ಉಡುಗೊರೆ ಅಂತ ಕೊಡಿಸಿದ ಜಮೀನಿನ ಹಣ ಪೂರ್ತಿ ಸಂದಾಯವಾಗದೆ, ಸಾಲ ಆತನ ತಲೆಗೇ ಬಂತು. ಬೆಳೆಗೆ ಬೆಲೆಯೂ ಬಿದ್ದುಹೋಯಿತು. ರೈತನ ಮನೆಯಲ್ಲಿ ಬೆಳೆದವರಿಗೆ ಈ ಕಥೆ ಹೊಸದೇನಲ್ಲ ಬಿಡಿ.

ಇಷ್ಟಾದರೂ ಆತ ಹಣ ಕೂಡಿಸಿದ್ದು ಊರ ಮಕ್ಕಳ ಶಾಲೆಗೆ. ಮಕ್ಕಳ ಬಸ್ಸಿಗಾಗಿ ಸ್ವಂತ ಜಮೀನನ್ನೂ ಅಡವಿಟ್ಟ. 1940ರಲ್ಲಿ ತನ್ನ ಬಗ್ಗೆ ಸಿನಿಮಾ ತೆಗೆಯಲು ಕೊನೆಗೂ ಒಪ್ಪಿದ್ದು ಬೈಬಲ್ ಶಾಲೆಯೊಂದನ್ನು ಕಟ್ಟುವ ಆಸೆಗೆ. ಆ ಆದಾಯದ ತೆರಿಗೆ ವ್ಯಾಜ್ಯ ಮುದಿತನದವರೆಗೂ ಬೆನ್ನು ಬಿಡಲಿಲ್ಲ.

1964ರಲ್ಲಿ ಯಾರ್ಕ್ ತೀರಿಕೊಂಡ. ಜೇಮ್ಸ್‌ಟೌನಿನಲ್ಲಿ ಆತ ಕಟ್ಟಿದ ಶಾಲೆ ಈಗಲೂ ನಡೀತಿದೆ. ಪದಕ ಸಿಕ್ಕಿದ್ದು ಒಂದು ಬೆಳಗಿನ ಕೆಲಸಕ್ಕೆ. ಶಾಲೆಗೆ ಹಿಡಿದದ್ದು ಇಡೀ ಆಯಸ್ಸು.